ಪಾಯಿಂಟಿನ ಯಜಮಾನರು

ಅಮೆರಿಕದ ಕನ್ನಡ ಕೂಟಗಳ ಯುಗಾದಿ ಊಟದಲ್ಲಿ, ಹೋಳಿಗೆಗೆ ತುಪ್ಪ ಬೀಳುವ ಹೊತ್ತಿಗೆ, ಮಾತು ಮನೆಯ ಬೆಲೆಯಿಂದ ಮಕ್ಕಳ ಕಾಲೇಜಿಗೂ ಕಾಲೇಜಿನಿಂದ ರಜೆಗೂ ಜಾರುತ್ತದೆ. ಆಗ ಪಂಕ್ತಿಯಲ್ಲಿ ಒಬ್ಬರು ತಲೆಯೆತ್ತಿ, "ನಮ್ಮದು ಪಾಯಿಂಟ್ಸ್ ಇದೆ" ಅನ್ನುತ್ತಾರೆ. ವಿಜಯನಗರದಲ್ಲಿ ಕಾರ್ನರ್ ಸೈಟು ಇದೆ ಅಂದಂತೆಯೇ ಇರುತ್ತದೆ ಆ ದನಿ. ಇಂಥವರನ್ನು ಈ ಬರಹದ ಮಟ್ಟಿಗೆ ರಾಯರು ಎಂದು ಕರೆಯೋಣ. ನ್ಯೂಜೆರ್ಸಿಯಲ್ಲೂ ಸಿಗುತ್ತಾರೆ, ಡಲ್ಲಾಸಿನಲ್ಲೂ ಸಿಗುತ್ತಾರೆ. ಒಬ್ಬರ ಕಥೆ ಕೇಳಿದರೆ ಇನ್ನೊಬ್ಬರದನ್ನು ಕೇಳಬೇಕಾಗಿಲ್ಲ.

ರಾಯರ ಪಾಯಿಂಟುಗಳು ಡಿಸ್ನಿಯವು. ಮಕ್ಕಳು ಚಿಕ್ಕವರಿದ್ದಾಗ, 2012ರಲ್ಲಿ, ಒರ್ಲಾಂಡೋಗೆ ಹೋದವರು ಮಿಕ್ಕಿ ಟೋಪಿ ಕೊಳ್ಳಲು ಅಂಗಡಿಗೆ ಹೊಕ್ಕು, ಟೋಪಿಯ ಜೊತೆಗೆ 200 ಪಾಯಿಂಟುಗಳನ್ನೂ ಹೊತ್ತು ಹೊರಬಂದರು. ಡಿಸ್ನಿ ವೆಕೇಶನ್ ಕ್ಲಬ್ ಶುರುವಾದದ್ದು 1991ರಲ್ಲಿ, ಇವತ್ತು ಓಲ್ಡ್ ಕೀ ವೆಸ್ಟ್ ಎಂದು ಕರೆಸಿಕೊಳ್ಳುವ ಫ್ಲಾರಿಡಾದ ರೆಸಾರ್ಟಿನಿಂದ. ಅಲ್ಲಿ ಕೋಣೆಗೆ ಬೆಲೆ ಡಾಲರಿನಲ್ಲಿಲ್ಲ, ಪಾಯಿಂಟಿನಲ್ಲಿ. ಜನ ಬಾರದ ಕಾಲದಲ್ಲಿ ಕಡಿಮೆ, ಕ್ರಿಸ್‌ಮಸ್ ವಾರದಲ್ಲಿ ಕೈಸುಡುವಷ್ಟು. ಒಂದೊಂದು ಕೋಣೆಗೆ, ಒಂದೊಂದು ಋತುವಿಗೆ ಒಂದೊಂದು ದರ ಹಾಕಿದ ಪಟ್ಟಿ ಇದೆ. ಅದನ್ನು ಓದಲು ಪಂಚಾಂಗ ನೋಡುವ ಅಭ್ಯಾಸವಿದ್ದವರಿಗೆ ಅಷ್ಟೇನೂ ಕಷ್ಟವಾಗುವುದಿಲ್ಲ.

ಈ ಬುದ್ಧಿ ಅಮೆರಿಕದವರದೇ ಅಲ್ಲ. 1960ರ ದಶಕದಲ್ಲಿ ಫ್ರಾನ್ಸಿನ ಆಲ್ಪ್ಸ್ ಬೆಟ್ಟದ ಸುಪರ್‌ದೆವೊಲೂಯಿಯಲ್ಲಿ ಹೋಟೆಲಿನ ಕೋಣೆಯನ್ನು ವಾರದ ಲೆಕ್ಕದಲ್ಲಿ ಮಾರಿದರು. 1963ರಲ್ಲಿ ಹುಟ್ಟಿದ ಸ್ವಿಟ್ಜರ್‌ಲ್ಯಾಂಡಿನ ಹಾಪಿಮಾಗ್ ಸಂಸ್ಥೆ ಪಾಯಿಂಟಿನ ಪದ್ಧತಿಯನ್ನೇ ತಂದಿತು. ನಮ್ಮಲ್ಲೂ 1986ರಲ್ಲಿ ಸ್ಟರ್ಲಿಂಗ್, 1996ರಲ್ಲಿ ಕ್ಲಬ್ ಮಹೀಂದ್ರಾ ಬಂದವು. ಮಾಲ್‌ನಲ್ಲಿ ಚೀಟಿ ತುಂಬಿ "ಲಕ್ಕಿ ಡ್ರಾ"ದಲ್ಲಿ ಗೆದ್ದು, ಬಹುಮಾನ ತರಲು ಹೆಂಡತಿ ಸಮೇತ ಹೋಗಿ ಎರಡು ತಾಸು ಭಾಷಣ ಕೇಳಿ ಬಂದ ಬೆಂಗಳೂರಿಗರಿಗೆ ಉಳಿದದ್ದನ್ನು ವಿವರಿಸಬೇಕಿಲ್ಲ.

ಆದರೆ ರಾಯರ ಕೈಯಲ್ಲಿರುವುದು ಬರೀ ಸದಸ್ಯತ್ವದ ಕಾರ್ಡಲ್ಲ. ಫ್ಲಾರಿಡಾದ ಆರೆಂಜ್ ಕೌಂಟಿಯಲ್ಲಿ ನೋಂದಣಿಯಾದ ಕ್ರಯಪತ್ರ. ಇಂಥ ಯೂನಿಟ್ಟಿನಲ್ಲಿ ಶೇಕಡಾ ಸೊನ್ನೆ ಚುಕ್ಕೆ ಇಷ್ಟು ಅವಿಭಜಿತ ಪಾಲು ಎಂದು, ಚುಕ್ಕೆಯ ಮುಂದೆ ನಾಲ್ಕು ಅಂಕಿಗಳವರೆಗೆ, ಅದರಲ್ಲಿ ಬರೆದಿದೆ. ನಮ್ಮ ಅಪಾರ್ಟ್‌ಮೆಂಟಿನವರು ಯುಡಿಎಸ್ ಅನ್ನುತ್ತಾರಲ್ಲ, ಅದೇ. ಹಳೆಯ ರೆಸಾರ್ಟುಗಳಲ್ಲಿ ಹಲವಕ್ಕೆ ಈ ಹಕ್ಕು 2042ರ ಜನವರಿ 31ಕ್ಕೆ ಮುಗಿಯುತ್ತದೆ. ರಾಯರದೂ ಅಂಥದ್ದೇ. ಆಮೇಲೆ ಕೋಣೆ ಡಿಸ್ನಿಗೆ, ನೆನಪು ರಾಯರಿಗೆ.

ಮಕ್ಕಳು ಬೆಳೆದರು. ದೊಡ್ಡವಳಿಗೆ ಈಗ ಮಿಕ್ಕಿಯನ್ನು ಕಂಡರೆ ನಾಚಿಕೆ, ಚಿಕ್ಕವನಿಗೆ ಅಪ್ಪನ ಜೊತೆ ಕಾಣಿಸಿಕೊಳ್ಳುವುದೇ ನಾಚಿಕೆ. ಆದರೆ ವಾರ್ಷಿಕ ನಿರ್ವಹಣಾ ಶುಲ್ಕ ನಾಚುವುದಿಲ್ಲ. ಪ್ರತಿ ಜನವರಿಯಲ್ಲೂ ಬಂದೇ ಬರುತ್ತದೆ. ಬಳಸದ ಪಾಯಿಂಟನ್ನು ಮುಂದಿನ ವರ್ಷಕ್ಕೆ ಕೂಡಿಡಬಹುದು. ಅದನ್ನು ಬ್ಯಾಂಕಿಂಗ್ ಅನ್ನುತ್ತಾರೆ. ಅದಕ್ಕೂ ಗಡುವುಂಟು: ಅವರವರ "ಬಳಕೆ ವರ್ಷ"ದ ಮೊದಲ ಎಂಟು ತಿಂಗಳೊಳಗೆ. ಈ ಬಳಕೆ ವರ್ಷ ಜನವರಿಗೆ ಶುರುವಾಗುವುದಿಲ್ಲ, ಏಪ್ರಿಲ್ ಇರಬಹುದು, ಅಕ್ಟೋಬರ್ ಇರಬಹುದು. ಹನ್ನೆರಡರಲ್ಲಿ ಎಂಟು ತಿಂಗಳುಗಳಿಗೆ ಮಾತ್ರ ಆ ಭಾಗ್ಯ. ಹೀಗೆ ರಾಯರ ಮನೆಯಲ್ಲಿ ಈಗ ಕ್ಯಾಲೆಂಡರ್ ವರ್ಷ, ಶಾಲೆಯ ವರ್ಷ, ಊರಿನ ಜಮೀನಿನ ಲೆಕ್ಕಕ್ಕೆ ಆರ್ಥಿಕ ವರ್ಷ, ಚಾಂದ್ರಮಾನ ಸಂವತ್ಸರ, ಜೊತೆಗೆ ಡಿಸ್ನಿ ವರ್ಷ.

"ರೀ, ಹೋಗೋದೂ ಇಲ್ಲ, ಬಿಡೋದೂ ಇಲ್ಲ. ಯಾರಿಗಾದ್ರೂ ಬಾಡಿಗೆಗೆ ಕೊಟ್ಟುಬಿಡಿ" ಅಂದರು ಮನೆಯವರು. ಅಲ್ಲಿಗೆ ರಾಯರು ಹೋಟೆಲ್ ಉದ್ಯಮಕ್ಕೆ ಕಾಲಿಟ್ಟರು.

ಉಡುಪಿಯವರ ಹೋಟೆಲಿಗೂ ಇದಕ್ಕೂ ವ್ಯತ್ಯಾಸವಿದೆ. ಇಲ್ಲಿ ಯಜಮಾನರು ಗಿರಾಕಿಯ ಮುಖ ನೋಡುವುದಿಲ್ಲ. ನಡುವೆ ಬ್ರೋಕರ್ ಇರುತ್ತಾನೆ. ಓಹಿಯೋದ ಒಂದು ಕುಟುಂಬಕ್ಕೆ ಮಾರ್ಚಿನಲ್ಲಿ ಐದು ರಾತ್ರಿ ಬೇಕು. ಬ್ರೋಕರ್ ಅದನ್ನು ರಾಯರ ಪಾಯಿಂಟಿಗೆ ಜೋಡಿಸುತ್ತಾನೆ. ರಾಯರು ತಮ್ಮ ಖಾತೆಗೆ ಹೋಗಿ, ಓಹಿಯೋದವರ ಹೆಸರಿನಲ್ಲಿ ಕೋಣೆ ಕಾಯ್ದಿರಿಸಿ, ದೃಢೀಕರಣದ ಸಂಖ್ಯೆ ಕಳಿಸಬೇಕು. ತಮ್ಮ ಪಾಲು ಇರುವ ರೆಸಾರ್ಟಿನಲ್ಲಾದರೆ ಹನ್ನೊಂದು ತಿಂಗಳು ಮೊದಲೇ ಬುಕ್ ಮಾಡಬಹುದು, ಬೇರೆಯದಾದರೆ ಏಳು ತಿಂಗಳು. ಬೇಡಿಕೆಯ ಕೋಣೆಯಾದರೆ ಬೆಳಿಗ್ಗೆ ಎಂಟಕ್ಕೆ ಬಾಗಿಲು ತೆರೆಯುವುದನ್ನೇ ಕಾದು ಗುಂಡಿ ಒತ್ತಬೇಕು. ದೀಪಾವಳಿಗೆ ಊರಿಗೆ ಹೋಗುವ ತತ್ಕಾಲ್ ಟಿಕೆಟ್ಟಿನಲ್ಲಿ ಪಳಗಿದ ಬೆರಳು ಇಲ್ಲಿ ಕೆಲಸಕ್ಕೆ ಬರುತ್ತದೆ. ಕಂಡರಿಯದ ಮಂದಿಯ ರಜೆಗಾಗಿ ರಾಯರು ಕಾಫಿ ಲೋಟ ಪಕ್ಕಕ್ಕಿಟ್ಟು ಕಂಪ್ಯೂಟರ್ ಮುಂದೆ ಉಸಿರು ಬಿಗಿಹಿಡಿದು ಕೂರುತ್ತಾರೆ. ಅವರ ಸ್ವಂತ ರಜೆಗೆ ಅವರು ಇಷ್ಟು ಒದ್ದಾಡಿದ್ದನ್ನು ಮನೆಯವರು ನೋಡಿಲ್ಲ.

ಕ್ಲಬ್ಬಿನ ನಿಯಮದಲ್ಲಿ ಒಂದು ಮಾತಿದೆ: ಬಾಡಿಗೆಗೆ ಕೊಡಬಹುದು, ವ್ಯಾಪಾರವಾಗಿ ಮಾಡಕೂಡದು. ಎಲ್ಲಿಯವರೆಗೆ ಬಾಡಿಗೆ, ಎಲ್ಲಿಂದ ವ್ಯಾಪಾರ ಎಂಬುದು ಕ್ಲಬ್ಬಿಗೆ ಒಂದು ಪ್ರಶ್ನೆ. ತೆರಿಗೆ ಇಲಾಖೆಗೆ ಅದೇ ಪ್ರಶ್ನೆ, ಉತ್ತರ ಮಾತ್ರ ಬೇರೆ.

ಬ್ರೋಕರ್ ಸಾಮಾನ್ಯವಾಗಿ ಬುಕಿಂಗ್ ಆದಾಗ ಹಣದ ಹೆಚ್ಚಿನ ಭಾಗವನ್ನೂ ಅತಿಥಿ ಬಂದಿಳಿದ ಮೇಲೆ ಉಳಿದದ್ದನ್ನೂ ಕೊಡುತ್ತಾನೆ. ಬುಕಿಂಗ್ ಡಿಸೆಂಬರಿನಲ್ಲಿ, ಅತಿಥಿ ಮಾರ್ಚಿನಲ್ಲಿ ಅಂದರೆ ಒಂದೇ ಐದು ರಾತ್ರಿಯ ಆದಾಯ ಎರಡು ವರ್ಷದ ಲೆಕ್ಕಕ್ಕೆ ಹರಿದು ಹಂಚಿಹೋಗುತ್ತದೆ. ಮುಂಗಡ ಬಾಡಿಗೆ ಕೈಗೆ ಬಂದ ವರ್ಷದ್ದೇ ಆದಾಯ ಎಂಬುದು ಅಲ್ಲಿಯ ನಿಯಮ. ಹಣಕ್ಕೆ ಮೊದಲು ಬರುವುದು ಡಬ್ಲ್ಯೂ-9 ಎಂಬ ಒಂದು ಹಾಳೆಯ ಫಾರ್ಮು. ಹೆಸರು, ವಿಳಾಸ, ಸೋಶಿಯಲ್ ಸೆಕ್ಯುರಿಟಿ ಸಂಖ್ಯೆ, ಸಹಿ. ತುಂಬದಿದ್ದರೆ ಶೇಕಡಾ 24ರಷ್ಟು ಹಿಡಿದುಕೊಂಡೇ ಕೊಡಬೇಕು ಎಂಬುದು ನಿಯಮ. ರಾಯರು ಮೊದಲ ಸಲ ಆ ಹಾಳೆ ನೋಡಿದಾಗ, "ಮೂರು ಕಾಸಿನ ಬಾಡಿಗೆಗೆ ಇದೆಲ್ಲ ಯಾಕೆ?" ಅಂದರು. ಆದರೂ ಸಹಿ ಹಾಕಿದರು. ಅಮೆರಿಕದಲ್ಲಿ ಇಪ್ಪತ್ತು ವರ್ಷ ಬದುಕಿದವನಿಗೆ ಯಾವ ಕಾಗದಕ್ಕೆ ಜಗಳ ಆಡಬಾರದು ಎಂಬುದು ಗೊತ್ತಿರುತ್ತದೆ.

ಎಲ್ಲ ಬ್ರೋಕರ್‌ಗಳೂ ಹೀಗೆ ಹಣ ಕೊಡುವವರಲ್ಲ, ಕೇಳುವವರೂ ಇದ್ದಾರೆ. "ನಿಮ್ಮ ಪಾಲಿಗೆ ಗಿರಾಕಿ ಸಿಕ್ಕಿದ್ದಾರೆ, ತೆರಿಗೆ ಮತ್ತು ಶುಲ್ಕ ಮೊದಲು ಕಟ್ಟಿದರೆ ಸಾಕು" ಎಂದು ಫೋನು ಬರುತ್ತದೆ. ಮೆಕ್ಸಿಕೋದಲ್ಲಿ ಟೈಮ್‌ಶೇರ್, ಅಂದರೆ ಇಂಥದ್ದೇ ರಜೆಯ ಪಾಲು, ಇರುವ ಅಮೆರಿಕನ್ನರಿಗೆ ಈ ಬಲೆ ಬೀಸುತ್ತಿರುವುದು ಹಲಿಸ್ಕೊ ಕಾರ್ಟೆಲ್ ಎಂಬ ಮಾದಕವಸ್ತುಗಳ ಗುಂಪು ಎಂದು ಅಮೆರಿಕದ ಖಜಾನೆ ಇಲಾಖೆ ಮತ್ತು ಎಫ್‌ಬಿಐ 2024ರ ಜುಲೈನಲ್ಲಿ ಒಟ್ಟಿಗೆ ಎಚ್ಚರಿಸಿದವು. 2019ರಿಂದ 2023ರವರೆಗೆ ಸುಮಾರು 6,000 ಮಂದಿ ಸುಮಾರು 30 ಕೋಟಿ ಡಾಲರ್ ಕಳೆದುಕೊಂಡದ್ದಾಗಿ ದೂರು ಕೊಟ್ಟಿದ್ದಾರೆ. ಮೆಕ್ಸಿಕೋ ಸರ್ಕಾರಕ್ಕೆ ಕಟ್ಟಬೇಕಾದ ತೆರಿಗೆ ಎಂದು ಹೇಳಿಯೇ ಹಣ ಕಿತ್ತದ್ದೂ ಇದೆ. ಬಂದೂಕು ಹಿಡಿದವರು ಕೂಡ ತೆರಿಗೆಯ ಹೆಸರು ಹೇಳಿದರೆ ಜನ ನಂಬುತ್ತಾರೆ ಎಂದು ಕಂಡುಕೊಂಡದ್ದು ತೆರಿಗೆ ಇಲಾಖೆಗೆ ಹೆಮ್ಮೆಯೋ ಅವಮಾನವೋ ತಿಳಿಯದು.

ರಾಯರ ಬ್ರೋಕರ್ ಪ್ರಾಮಾಣಿಕ. ಜನವರಿ ಕೊನೆಗೆ 1099 ಎಂಬ ಫಾರ್ಮು ಕಳಿಸಿದ. ಒಂದನೇ ಚೌಕದಲ್ಲಿ ಬಾಡಿಗೆ. ಬಾಡಿಗೆಗೆ ಈ ಫಾರ್ಮು ಕಳಿಸಲು ದಶಕಗಳಿಂದ ಇದ್ದ ಮಿತಿ 600 ಡಾಲರ್. 2025ರ ಜುಲೈ 4ರಂದು ಸಹಿಯಾದ ಕಾನೂನು 2026ರ ಪಾವತಿಗಳಿಂದ ಅದನ್ನು 2,000ಕ್ಕೆ ಏರಿಸಿತು. ಪೇಪಾಲ್‌ನಂಥ ದಾರಿಯಲ್ಲಿ ಹಣ ಬಂದರೆ ಬೇರೆ ಫಾರ್ಮು, 1099-ಕೆ. ಅದರ ಕಥೆ ಇನ್ನೂ ಸ್ವಾರಸ್ಯ. 20,000 ಡಾಲರ್ ಮತ್ತು 200 ವಹಿವಾಟು ಇದ್ದ ಮಿತಿಯನ್ನು 2021ರ ಕಾನೂನು 600ಕ್ಕೆ ಇಳಿಸಿತು, ಇಲಾಖೆ ಅದನ್ನು ವರ್ಷ ವರ್ಷ ಮುಂದಕ್ಕೆ ಹಾಕಿತು, 2024ಕ್ಕೆ 5,000 ಎಂದಿತು, ಕೊನೆಗೆ 2025ರ ಅದೇ ಕಾನೂನು ಹಳೆಯ 20,000 ಮತ್ತು 200ಕ್ಕೇ ಮರಳಿತು. ಈ ನಡುವೆ ಪಾಯಿಂಟಿನ ಯಜಮಾನರ ಬಿಪಿ ಏರಿದ್ದು ಇಳಿದದ್ದು ಯಾವ ಗೆಜೆಟ್ಟಿನಲ್ಲೂ ಬರಲಿಲ್ಲ.

ಫಾರ್ಮು ಬಾರದಿದ್ದರೆ ತೆರಿಗೆಯೂ ಇಲ್ಲ ಎಂದು ನಂಬಿದವರು ರಾಯರ ಬಳಗದಲ್ಲಿ ಬಹಳ. ಅದು ತಪ್ಪು. ಫಾರ್ಮು ಬಂದರೂ ಬಾರದಿದ್ದರೂ ಆದಾಯ ಆದಾಯವೇ. ಮತ್ತೊಬ್ಬರು, "ಹದಿನಾಲ್ಕು ದಿನದವರೆಗೆ ತೆರಿಗೆಯೇ ಇಲ್ಲ ಕಣ್ರೀ" ಎಂದು ಧೈರ್ಯ ಹೇಳಿದರು. ಈ ಮಾತಿಗೆ ಬುಡ ಇದೆ. ಜಾರ್ಜಿಯಾದ ಅಗಸ್ಟಾ ಊರಿನಲ್ಲಿ ಏಪ್ರಿಲ್‌ನ ಮಾಸ್ಟರ್ಸ್ ಗಾಲ್ಫ್ ವಾರಕ್ಕೆ ಮನೆಗಳನ್ನು ಬಾಡಿಗೆಗೆ ಕೊಡುವುದು ರೂಢಿ; ವರ್ಷಕ್ಕೆ 15 ದಿನಕ್ಕಿಂತ ಕಡಿಮೆ ಬಾಡಿಗೆಗೆ ಕೊಟ್ಟರೆ ಆ ಹಣಕ್ಕೆ ತೆರಿಗೆ ಬೇಡ ಎಂದು 1976ರ ಕಾನೂನು ಹೇಳಿತು. ಅದಕ್ಕೆ ಅಗಸ್ಟಾ ನಿಯಮ ಎಂದೇ ಹೆಸರು. ರಾಯರು ಆ ಹೆಸರು ಹಿಡಿದುಕೊಂಡು ತಮ್ಮ ತೆರಿಗೆ ಲೆಕ್ಕ ನೋಡುವ ಸಿಪಿಎ ಹತ್ತಿರ ಹೋದರು. ಆಕೆ ಹಾಸನದ ಕಡೆಯ ಹೆಣ್ಣುಮಗಳು. ಲೆಕ್ಕದಲ್ಲಿ ದಾಕ್ಷಿಣ್ಯ ಇಲ್ಲ, ಮಾತಿನಲ್ಲಿ ಇದೆ.

"ಅಂಕಲ್, ಆ ನಿಯಮಕ್ಕೆ ಅದು ನೀವು ವಾಸ ಮಾಡೋ ಜಾಗ ಆಗಿರಬೇಕು. ಕಳೆದ ವರ್ಷ ಸ್ವಂತಕ್ಕೆ ಎಷ್ಟು ದಿನ ಬಳಸಿದ್ರಿ?"

"ಒಂದು ದಿನವೂ ಇಲ್ಲಮ್ಮ."

"ಸರಿ. ನಿಮ್ಮ ಯೂನಿಟ್ಟಿನಲ್ಲಿ ಪಾಲಿರೋ ಬೇರೆಯವರು?"

"ಅವರು ಯಾರೋ ಏನೋ, ನನಗೇನು ಗೊತ್ತು?"

"ಅವರು ತಂಗಿದ್ದನ್ನೂ ಕಾನೂನು ನಿಮ್ಮ ಸ್ವಂತ ಬಳಕೆ ಅಂತಲೇ ಲೆಕ್ಕ ಹಾಕುತ್ತೆ."

ರಾಯರು ಕನ್ನಡಕ ತೆಗೆದು ಒರೆಸಿಕೊಂಡರು. ತಾನು ಎಡಿಸನ್ನಿನಲ್ಲಿ ಹಿಮ ಗುಡಿಸುತ್ತಿದ್ದಾಗ ಅಯೋವಾದ ಯಾರೋ ಪಾಲುದಾರರು ಮಕ್ಕಳನ್ನು ಕಟ್ಟಿಕೊಂಡು ಆ ಕೋಣೆಯಲ್ಲಿ ಮಲಗಿದ್ದು ತನ್ನ ವಿಹಾರವಾಯಿತೆ! ಅದರಲ್ಲೇ ಇನ್ನೊಂದು ಗಂಟು: ಸ್ವಂತ ಬಳಕೆ ಮಿತಿ ಮೀರಿದರೆ ಬಾಡಿಗೆ ಎಷ್ಟು ಬಂದಿದೆಯೋ ಅಷ್ಟರವರೆಗೆ ಮಾತ್ರ ಖರ್ಚು ತೋರಿಸಬಹುದು, ನಷ್ಟ ತೋರಿಸುವಂತಿಲ್ಲ. ಅದೂ ಸಾಲದೆಂದು, ಗಿರಾಕಿಗಳು ಸರಾಸರಿ ಏಳು ದಿನ ಅಥವಾ ಅದಕ್ಕೂ ಕಡಿಮೆ ತಂಗುವುದಾದರೆ, ನಷ್ಟದ ನಿಯಮಗಳ ಕಣ್ಣಿನಲ್ಲಿ ಅದು "ಬಾಡಿಗೆಯ ಚಟುವಟಿಕೆ"ಯೇ ಅಲ್ಲ. ಮನೆ ಬಾಡಿಗೆಗೆ ಕೊಟ್ಟವರಿಗೆ ಸಿಗುವ 25,000 ಡಾಲರ್‌ವರೆಗಿನ ನಷ್ಟದ ರಿಯಾಯಿತಿ ಇಲ್ಲಿ ಸಿಗದು. ಡಿಸ್ನಿಗೆ ಬಂದವರು ಐದು ರಾತ್ರಿಗೇ ಸುಸ್ತಾಗಿ ಊರು ಸೇರುತ್ತಾರೆ. ಹಾಗಾಗಿ ಇದನ್ನು ಬಾಡಿಗೆಯ ಶೆಡ್ಯೂಲ್ ಇ-ಯಲ್ಲಿ ತೋರಿಸಬೇಕೋ ವ್ಯಾಪಾರದ ಶೆಡ್ಯೂಲ್ ಸಿ-ಯಲ್ಲಿ ತೋರಿಸಬೇಕೋ ಎಂಬುದರ ಮೇಲೆ ಲೆಕ್ಕಿಗರೇ ಗಂಟೆಗಟ್ಟಲೆ ಚರ್ಚಿಸಬಲ್ಲರು, ಗಂಟೆಗಿಷ್ಟು ಎಂದು ಶುಲ್ಕವನ್ನೂ ಹಾಕಬಲ್ಲರು.

ಕೊನೆಗೆ ಆಕೆ, ಅಗಸ್ಟಾ ನಿಯಮವನ್ನು ನೆಚ್ಚಿಕೊಳ್ಳದೆ, ಸರಳ ಲೆಕ್ಕ ಬರೆದು ತೋರಿಸಿದರು. ಪಾಯಿಂಟಿಗೆ 18 ಡಾಲರಿನಂತೆ 200 ಪಾಯಿಂಟಿಗೆ 3,600 ಬಂತು ಎನ್ನೋಣ. ಪಾಯಿಂಟಿಗೆ 9ರಂತೆ ನಿರ್ವಹಣಾ ಶುಲ್ಕ 1,800 ಹೋಯಿತು. 20,000 ಕೊಟ್ಟು 30 ವರ್ಷದ ಹಕ್ಕು ಕೊಂಡದ್ದರಿಂದ ವರ್ಷಕ್ಕೆ 667 ಸವೆತ. ಉಳಿದದ್ದು 1,133, ಶೇಕಡಾ 24ರ ದರದಲ್ಲಿ ಕೇಂದ್ರದ ತೆರಿಗೆ 272. ರಾಜ್ಯದ್ದು ಬೇರೆ. ರಾಯರಿಗೆ ಸಮಾಧಾನವಾಯಿತು. ಆಮೇಲೆ ಆಕೆಯ ಬಿಲ್ಲು ಬಂತು. ಅದು 272ಕ್ಕಿಂತ ದೊಡ್ಡದಿತ್ತು. "ಇದರಲ್ಲಿ ಬಾಡಿಗೆಗೆ ಸಂಬಂಧಪಟ್ಟ ಭಾಗವನ್ನು ಮುಂದಿನ ವರ್ಷ ಖರ್ಚಿಗೆ ಹಾಕಬಹುದು ಅಂಕಲ್" ಎಂದು ಆಕೆ ಕೆಳಗೆ ಬರೆದಿದ್ದರು.

ಮಾರಿಬಿಡಬಹುದಲ್ಲ ಅಂದರೆ, ಸ್ವಂತ ವಿಹಾರಕ್ಕೆಂದು ಇಟ್ಟುಕೊಂಡದ್ದನ್ನು ಲಾಭಕ್ಕೆ ಮಾರಿದರೆ ತೆರಿಗೆ ಉಂಟು, ನಷ್ಟಕ್ಕೆ ಮಾರಿದರೆ ಆ ನಷ್ಟ ಲೆಕ್ಕಕ್ಕಿಲ್ಲ. ರಾಯರು ಮಾರಲಿಲ್ಲ.

ನಿವೃತ್ತಿಯಾಗಿ, ಗ್ರೀನ್ ಕಾರ್ಡ್ ಒಪ್ಪಿಸಿ, ಜಯನಗರಕ್ಕೆ ಬಂದರು. ಪಾಯಿಂಟುಗಳು ಫ್ಲಾರಿಡಾದಲ್ಲೇ ಉಳಿದವು. ಈಗ ಡಬ್ಲ್ಯೂ-9 ನಡೆಯುವುದಿಲ್ಲ. ಅಮೆರಿಕದ ನಿವಾಸಿಯಲ್ಲದವನ ಬಾಡಿಗೆಯಿಂದ, ಖರ್ಚನ್ನು ನೋಡದೆ, ಒಟ್ಟು ಮೊತ್ತದಲ್ಲೇ ಶೇಕಡಾ 30 ಹಿಡಿಯಬೇಕು. ಖರ್ಚು ಕಳೆದು ತೆರಿಗೆ ಕಟ್ಟುತ್ತೇನೆ ಎಂದು ಆಯ್ಕೆ ಮಾಡಿಕೊಂಡರೆ ಡಬ್ಲ್ಯೂ-8ಇಸಿಐ ಎಂಬ ಇನ್ನೊಂದು ಹಾಳೆ. ಮೊದಲ ಕೆಲವು ವರ್ಷ ಭಾರತದ ತೆರಿಗೆ ಇಲಾಖೆ ಸುಮ್ಮನಿತ್ತು. ರಾಯರು ಪೂರ್ತಿ ನಿವಾಸಿಯಾದ ವರ್ಷ, ನಾಲ್ಕನೇ ಬ್ಲಾಕಿನ ಆಡಿಟರು ವಿದೇಶಿ ಆಸ್ತಿಯ ಶೆಡ್ಯೂಲ್ ಎಫ್‌ಎ ತೆರೆದಿಟ್ಟರು. ಅದನ್ನು ಮುಚ್ಚಿಟ್ಟರೆ 2015ರ ಕಪ್ಪುಹಣದ ಕಾಯ್ದೆಯಲ್ಲಿ 10 ಲಕ್ಷ ರೂಪಾಯಿ ದಂಡವಿದೆ. 2024ರ ಅಕ್ಟೋಬರಿನಿಂದ 20 ಲಕ್ಷದವರೆಗಿನ ಆಸ್ತಿಗೆ ದಂಡದಿಂದ ವಿನಾಯಿತಿ ಕೊಟ್ಟಿದ್ದಾರೆ, ಸ್ಥಿರಾಸ್ತಿಯನ್ನು ಬಿಟ್ಟು.

"ಇದು ಸ್ಥಿರಾಸ್ತೀನೋ, ಕ್ಲಬ್ ಮೆಂಬರ್‌ಶಿಪ್ಪೋ ಸರ್?" ಅಂದರು ಆಡಿಟರು.

ರಾಯರು ಫೈಲಿನಿಂದ ಕ್ರಯಪತ್ರ ತೆಗೆದುಕೊಟ್ಟರು. ಆಡಿಟರು ಸೊನ್ನೆ ಚುಕ್ಕೆಯ ಮುಂದಿನ ಅಂಕಿಗಳನ್ನು ಬೆರಳಿಟ್ಟು ಓದಿದರು. ರಿಜಿಸ್ಟ್ರೇಶನ್ ನಂಬರು ನೋಡಿದರು, ಹಾಳೆ ತಿರುಗಿಸಿ ಹಿಂದೆಯೂ ನೋಡಿದರು.

"ರಿಜಿಸ್ಟರ್ ಏನೋ ಆಗಿದೆ. ಎ ಖಾತಾನಾ ಸರ್, ಬಿ ಖಾತಾನಾ?"