ನಾಲ್ಕು ಗೋಲು ಹೊಡೆದೂ ಸೋತವನು

“ನಾಲ್ಕು ಗೋಲು ಹೊಡೆದವನ ತಂಡ ಸೋಲೋದುಂಟಾ ಮೇಷ್ಟ್ರೇ?”

“ಸೋತಿದೆ ಶೆಟ್ರೇ. 1938ರ ವಿಶ್ವಕಪ್, ಜೂನ್ 5, ಫ್ರಾನ್ಸಿನ ಸ್ಟ್ರಾಸ್‌ಬರ್ಗ್. ಪೋಲೆಂಡಿಗೆ ಅದೇ ಮೊದಲನೇ ವಿಶ್ವಕಪ್, ಎದುರಿಗೆ ಬ್ರೆಜಿಲ್. ಅರ್ಧ ಆಟಕ್ಕೆ 3–1 ಹಿಂದೆ. ಆಮೇಲೆ ಎದ್ದ ನೋಡಿ, ಎರ್ನೆಸ್ಟ್ ವಿಲಿಮೊವ್ಸ್ಕಿ! ಇಪ್ಪತ್ತೆರಡೂ ತುಂಬಿರಲಿಲ್ಲ. ಆಟ ಇನ್ನೇನು ಮುಗೀತು ಅನ್ನುವಾಗ ಅವನ ಮೂರನೇ ಗೋಲು ಬಿದ್ದು 4–4 ಆಯ್ತು. ಹೆಚ್ಚುವರಿ ಸಮಯದಲ್ಲಿ ಬ್ರೆಜಿಲ್ ಎರಡು ಹೊಡೀತು, ಇವನು ಇನ್ನೊಂದು. 6–5. ಸೋತರೆ ಮನೆಗೆ ಅನ್ನೋ ಪಂದ್ಯ, ಅಲ್ಲಿಗೆ ಅವರ ವಿಶ್ವಕಪ್ ಮುಗೀತು. ವಿಶ್ವಕಪ್ಪಿನ ಒಂದೇ ಪಂದ್ಯದಲ್ಲಿ ನಾಲ್ಕು ಗೋಲು ಅಂತ ಮೊದಲು ಬರೆಸ್ಕೊಂಡವನು ಇವನೇ.”

“ಅಂಥವನ ಹೆಸರು ನಾವು ಕೇಳೇ ಇಲ್ವಲ್ಲ!”

“ಪೋಲೆಂಡಿನಲ್ಲೇ ಬಹಳ ಕಾಲ ಬಾಯಿಬಿಟ್ಟು ಹೇಳ್ತಿರಲಿಲ್ಲ. ಅವನು ಹುಟ್ಟಿದ್ದು 1916ರಲ್ಲಿ, ಕಾಟೊವಿಟ್ಸೆಯಲ್ಲಿ. ಆಗ ಆ ಊರು ಜರ್ಮನಿಯದು. 1922ರಲ್ಲಿ ಪೋಲೆಂಡಿಗೆ ಸೇರ್ತು. ಹೆತ್ತ ತಂದೆ ಮೊದಲ ಮಹಾಯುದ್ಧದಲ್ಲಿ ಸತ್ತ. ವಿಲಿಮೊವ್ಸ್ಕಿ ಅನ್ನೋದು ಮಲತಂದೆಯ ಹೆಸರು. ಮನೆಮಾತು ಜರ್ಮನ್. ಮೊದಲು ಊರಿನ ಜರ್ಮನ್ ಕ್ಲಬ್ಬು, 1934ರಿಂದ ಪೋಲೆಂಡಿನ ರೂಖ್ ಕ್ಲಬ್ಬು. ಬಂದ ವರ್ಷವೇ ಲೀಗಿನಲ್ಲಿ ಎಲ್ಲರಿಗಿಂತ ಹೆಚ್ಚು ಗೋಲು. ಇವನಿದ್ದಾಗ ರೂಖ್ ನಾಲ್ಕು ಸಲ ಚಾಂಪಿಯನ್. ಬಲಗಾಲಿಗೆ ಆರು ಬೆರಳು ಬೇರೆ!

“ಇನ್ನೊಂದು ಪಂದ್ಯ ಹೇಳ್ಬೇಕು. 1939ರ ಆಗಸ್ಟ್ 27, ವಾರ್ಸಾ. ಹಿಂದಿನ ವಿಶ್ವಕಪ್ಪಿನ ರನ್ನರ್-ಅಪ್ ಹಂಗೇರಿ 2–0 ಮುಂದಿತ್ತು. ಇವನ ಮೂರು ಗೋಲಿನಿಂದ ಪೋಲೆಂಡ್ 4–2 ಗೆದ್ದಿತು. ಐದು ದಿನಕ್ಕೆ ಜರ್ಮನಿ ನುಗ್ಗಿತು.”

“ಆಮೇಲೆ ಜರ್ಮನಿಗೇ ಆಡಿದ್ನಾ?”

“ಆಡ್ದ. ಎಂಟು ಪಂದ್ಯ, ಹದಿಮೂರು ಗೋಲು.”

“ದ್ರೋಹ ಅಲ್ವಾ ಮೇಷ್ಟ್ರೇ? ಬಾಂಬು ಹಾಕಿದವರ ಅಂಗಿ ತೊಟ್ಟ.”

“ವಾರ್ಸಾದಲ್ಲಿ ಮನೆಮಠ ಕಳ್ಕೊಂಡವರು ಹಾಗಂದ್ರೆ ಅವರ ಮುಂದೆ ನಾನು ವಾದ ಹೂಡೋದಿಲ್ಲ. ಆದ್ರೆ ನನ್ನ ಮನಸ್ಸು ಅವನಿಗೆ ಆ ಪಟ್ಟ ಕಟ್ಟೋಕೆ ಒಪ್ಪಲ್ಲ ಶೆಟ್ರೇ. ಅವನ ಊರಿನ ಸೀಮೆಯಲ್ಲಿ ಲಕ್ಷಾಂತರ ಜನ ‘ನಾವು ಜರ್ಮನರು’ ಅನ್ನೋ ಪಟ್ಟಿಗೆ ಹೆಸರು ಬರೆಸಿದ್ರು. ಬರೆಸದಿದ್ರೆ ಕೆಲಸ ಹೋಗ್ತಿತ್ತು, ಮನೆ ಹೋಗ್ತಿತ್ತು. ಅವನ ತಾಯಿ ಪೌಲಿನಾ ಒಬ್ಬ ಯಹೂದಿಯ ಜೊತೆ ಇದ್ದಾಳೆ ಅಂತ ನಾಜಿಗಳು ಆಶ್‌ವಿಟ್ಸ್ ಸೆರೆಶಿಬಿರಕ್ಕೇ ತಳ್ಳಿದ್ರು! ಜರ್ಮನ್ ಯುದ್ಧವಿಮಾನದ ಪೈಲಟ್ ಹೆರ್ಮನ್ ಗ್ರಾಫ್ ಫುಟ್‌ಬಾಲ್ ಹುಚ್ಚಿನವನು, ಇವನ ಗೆಳೆಯ. ಅವನು ಕೈಹಾಕಿದ್ದಕ್ಕೆ ಆ ತಾಯಿ ಜೀವಸಹಿತ ಹೊರಬಂದ್ಲು.”

“ಅಯ್ಯೋ ಶಿವನೇ... ಯುದ್ಧ ಮುಗಿದ ಮೇಲೆ ಊರಿಗೆ?”

“ಹೋಗಲೇ ಇಲ್ಲ. ಪಶ್ಚಿಮ ಜರ್ಮನಿಯ ಸಣ್ಣಪುಟ್ಟ ಕ್ಲಬ್ಬುಗಳಲ್ಲಿ ಆಡ್ಕೊಂಡಿದ್ದ. 1995ರಲ್ಲಿ ರೂಖ್ ಕ್ಲಬ್ಬಿನವರು ತಮ್ಮ 75ನೇ ವರ್ಷದ ಹಬ್ಬಕ್ಕೆ ಬಾ ಅಂತ ಕರೆದ್ರು, ಆಗಲೂ ಹೋಗೋಕಾಗಲಿಲ್ಲ. 1997ರಲ್ಲಿ ಕಾರ್ಲ್ಸ್‌ರೂಹೆಯಲ್ಲಿ ತೀರ್ಕೊಂಡ. ಪೋಲೆಂಡಿಗೆ ಆಡಿದ್ದು 22 ಪಂದ್ಯ, ಹೊಡೆದದ್ದು 21 ಗೋಲು ಶೆಟ್ರೇ. ಇನ್ನೂ ಹತ್ತು ವರ್ಷ ಎಡೆಬಿಡದೆ ಆಡಿದ್ದಿದ್ರೆ ಎಷ್ಟಾಗ್ತಿತ್ತೋ!”