ಭೂಪಾಲಿ ರಾಗ: ಬಳಕೆದಾರರ ಕೈಪಿಡಿ

ಭೂಪಾಲಿಯನ್ನು ಆಯ್ದುಕೊಂಡದ್ದಕ್ಕೆ ಧನ್ಯವಾದಗಳು. ಬಳಸುವ ಮುನ್ನ ಈ ಕೈಪಿಡಿಯನ್ನು ಪೂರ್ತಿ ಓದಿ. ಓದಿದ ಮಾತ್ರಕ್ಕೆ ಹಾಡಲು ಬಂದೀತೆಂದು ತಯಾರಕರು ಭರವಸೆ ಕೊಟ್ಟಿಲ್ಲ. ತಯಾರಕರು ಯಾರೆಂಬುದೂ ಗೊತ್ತಿಲ್ಲ.

1. ಪೆಟ್ಟಿಗೆಯಲ್ಲಿ ಏನೇನಿದೆ

ಷಡ್ಜ, ರಿಷಭ, ಗಾಂಧಾರ, ಪಂಚಮ, ಧೈವತ: ತಲಾ ಒಂದು. ರಿ, ಗ, ಧ ಮೂರೂ ಶುದ್ಧ. ಮಧ್ಯಮ, ನಿಷಾದ ಕಾಣುತ್ತಿಲ್ಲವೆಂದು ಅಂಗಡಿಗೆ ಓಡಬೇಡಿ. ಅವು ಇಲ್ಲದಿರುವುದೇ ಈ ಮಾದರಿಯ ಹೆಚ್ಚುಗಾರಿಕೆ. ಭೂಪಾಲಿ ಹಿಂದೂಸ್ತಾನಿ ಸರಕು; ಇದೇ ಐದು ಬಿಡಿಭಾಗಗಳು ಕರ್ನಾಟಕ ಸಂಗೀತದಲ್ಲಿ ಮೋಹನ ಎಂಬ ಹೆಸರಿನಲ್ಲಿ ದೊರೆಯುತ್ತವೆ. ಗಮಕದ ಜೋಡಣೆ ಬೇರೆ. ಹೆಸರು ಹೋಲುತ್ತದೆಂದು ಅಲ್ಲಿನ ಭೂಪಾಳದ ಪೆಟ್ಟಿಗೆ ಒಡೆದೀರಿ, ಜೋಕೆ. ಅದು ಬೇರೆಯದೇ ಸರಕು, ಬೆಳಗಿನ ಬಳಕೆಗೆ.

2. ಸಂಪರ್ಕ ಕೊಡುವುದು

ತಂಬೂರಿಯ ಮೊದಲ ತಂತಿಯನ್ನು ಪಂಚಮಕ್ಕೆ, ನಡುವಿನ ಜೋಡಿಯನ್ನು ಷಡ್ಜಕ್ಕೆ, ಕೊನೆಯದನ್ನು ಖರ್ಜಕ್ಕೆ, ಅಂದರೆ ಕೆಳಗಿನ ಷಡ್ಜಕ್ಕೆ, ಕೂಡಿಸಿ. ಕುದುರೆಯ ಮೇಲಿನ ಜೀವಾಳದ ದಾರವನ್ನು ಎಳೆಯಷ್ಟೇ ಅತ್ತಿತ್ತ ಸರಿಸಿ. ಎಲ್ಲ ಸರಿಹೋದರೆ ಯಾರೂ ಮೀಟದ ಗಾಂಧಾರವೊಂದು ಖರ್ಜದ ತಂತಿಯೊಳಗಿಂದ ಕೇಳಿಬರುತ್ತದೆ. ಗಾಬರಿ ಬೇಡ. ತಂತಿಯ ಮೂಲ ಕಂಪನದ ಐದು ಪಟ್ಟಿನಲ್ಲಿ ಹುಟ್ಟುವ ಸ್ವಯಂಭೂ ಸ್ವರ ಅದು. ಭೂಪಾಲಿಯ ವಾದಿಸ್ವರವೂ (ಪ್ರಧಾನ ಸ್ವರವೂ) ಗಾಂಧಾರವೇ ಆದ್ದರಿಂದ, ನೀವು ಬಾಯಿ ತೆರೆಯುವ ಮೊದಲೇ ರಾಗಕ್ಕೆ ಕೂರಲು ಮಣೆ ಸಿದ್ಧವಾಗಿರುತ್ತದೆ. ಫೋನಿನ ತಂಬೂರಿ ಆ್ಯಪ್ ಕೂಡ ನಡೆಯುತ್ತದೆ. ಶ್ರುತಿ ಕೂಡಿಸುವಾಗ ಕಿವಿಗೆ ಸಿಗುವ ಪಾಠ ಮಾತ್ರ ಅದರಲ್ಲಿ ಬರುವುದಿಲ್ಲ.

3. ಅವಳಿ ಸರಕಿನ ಬಗ್ಗೆ ಎಚ್ಚರಿಕೆ

ದೇಶಕಾರ ಎಂಬ ಇನ್ನೊಂದು ರಾಗ ಚಲಾವಣೆಯಲ್ಲಿದೆ. ಅದೇ ಐದು ಸ್ವರ. ಎರಡೂ ಪೆಟ್ಟಿಗೆಗಳ ಬಿಡಿಭಾಗಗಳನ್ನು ಅದಲುಬದಲು ಮಾಡಿದರೂ ಪತ್ತೆಯಾಗದು. ರಾಗಗಳನ್ನು ಥಾಟುಗಳೆಂಬ ಸ್ವರಗುಂಪುಗಳಲ್ಲಿ ವಿಂಗಡಿಸಿದ ಭಾತಖಂಡೆಯವರು ಭೂಪಾಲಿಯನ್ನು ಕಲ್ಯಾಣ ಥಾಟಿನಲ್ಲಿಯೂ ದೇಶಕಾರವನ್ನು ಬಿಲಾವಲ್ ಥಾಟಿನಲ್ಲಿಯೂ ಇರಿಸಿದರು. ಆ ಎರಡು ಥಾಟುಗಳಿಗೆ ಇರುವ ವ್ಯತ್ಯಾಸ ಮಧ್ಯಮ ಒಂದೇ; ಆ ಮಧ್ಯಮವೋ ಈ ಎರಡೂ ರಾಗಗಳಲ್ಲಿ ಇಲ್ಲವೇ ಇಲ್ಲ! ಹಾಗಾದರೆ ಗುರುತು ಹಿಡಿಯುವುದು ಹೇಗೆ? ನಿಲ್ಲುವ ಜಾಗದಿಂದ. ಭೂಪಾಲಿ ಗಾಂಧಾರದಲ್ಲಿ ನೆಲೆ ನಿಂತು ಸಪ್ತಕದ ಕೆಳ ಅರ್ಧವಾದ ಪೂರ್ವಾಂಗದಲ್ಲಿ ಓಡಾಡುತ್ತದೆ, ರಾತ್ರಿಯ ಮೊದಲ ಪ್ರಹರದ್ದು. ದೇಶಕಾರಕ್ಕೆ ಧೈವತವೇ ಮನೆ, ಮೇಲಿನ ಅರ್ಧವಾದ ಉತ್ತರಾಂಗವೇ ಅಂಗಳ, ಹೊತ್ತು ಬೆಳಗು. ಧೈವತದ ಮೇಲೆ ತುಸು ಹೆಚ್ಚು ಕಾಲೂರಿದಿರೋ, ಸಂಜೆಯ ಬೈಠಕ್ಕಿನಲ್ಲೇ ಬೆಳಗಾಗಿಬಿಡುತ್ತದೆ. ಇಳಿಯುವಾಗ ಮೀಂಡಿನ ಜಾರಿಕೆಯಲ್ಲಿ ನಿಷಾದವೂ ತೀವ್ರ ಮಧ್ಯಮವೂ ಸೋಕಿದರೆ ಕೈಯಲ್ಲಿರುವುದು ಶುದ್ಧ ಕಲ್ಯಾಣ ಎಂಬ ಮೂರನೆಯ ರಾಗ.

4. ನಡೆಸುವ ಕ್ರಮ

ಎರಡು ವಿಧಾನಗಳಿವೆ, ಧಾರವಾಡ ಸೀಮೆಯಲ್ಲಿ ಎರಡಕ್ಕೂ ಉಸ್ತಾದರು ಆಗಿಹೋಗಿದ್ದಾರೆ. ಕುಂದಗೋಳದ ಸವಾಯಿ ಗಂಧರ್ವರಿಂದ ಗಂಗೂಬಾಯಿ ಹಾನಗಲ್ ಮತ್ತು ಭೀಮಸೇನ ಜೋಶಿ ಅವರಿಗೆ ಬಂದ ಕಿರಾನಾ ವಿಧಾನದಲ್ಲಿ ಒಂದೊಂದೇ ಸ್ವರವನ್ನು ಹಣ್ಣಾಗುವವರೆಗೆ ಬಿಟ್ಟು ಮುಂದಿನದಕ್ಕೆ ಕೈ ಹಾಕಬೇಕು. ಮಲ್ಲಿಕಾರ್ಜುನ ಮನಸೂರರ ಜೈಪುರ ವಿಧಾನದಲ್ಲಿ ಸ್ವರಕ್ಕೂ ಲಯಕ್ಕೂ ಗಂಟು ಹಾಕಿ, ಉಸಿರು ಮುಗಿಯುವ ಮುನ್ನ ತಾಳದ ಮೊದಲ ಪೆಟ್ಟಾದ ಸಮ್‌ಗೆ ಬಂದಿಳಿಯಬೇಕು.

ಎರಡರಲ್ಲಿಯೂ ಒಂದು ಸೂಚನೆ ಸಮಾನ: ತಾರಷಡ್ಜಕ್ಕೆ ಆತುರಪಡಬೇಡಿ. ಮುಟ್ಟಿದರೆ ಪೊಲೀಸರೇನೂ ಬರುವುದಿಲ್ಲ. ಆಮೇಲೆ ಕೊಡಲಿಕ್ಕೆ ಏನೂ ಉಳಿಯುವುದಿಲ್ಲ, ಅಷ್ಟೆ. ಸೃಜನಶೀಲತೆಯ ಗುಂಡಿ ಯಾವುದೆಂದು ಕೇಳಿ ಬರುವ ಪತ್ರಗಳಿಗೆ ಉತ್ತರ: ಗುಂಡಿ ಇಲ್ಲ. ಹೊಸತನಕ್ಕೆಂದು ಆರನೆಯ ಸ್ವರ ಸೇರಿಸುವವರು ರಾಗವನ್ನು ಬೆಳೆಸುವುದಿಲ್ಲ, ಬದಲಾಯಿಸುತ್ತಾರೆ. ಉಪಜ, ಅಂದರೆ ಆ ಕ್ಷಣದ ಹೊಸ ಕಲ್ಪನೆ, ಹುಟ್ಟುವುದು ಇರುವ ಐದರಲ್ಲಿ ಯಾವುದನ್ನು ಈಗ ತಡೆಯಬೇಕು, ಎಷ್ಟು ಹೊತ್ತು ತಡೆಯಬೇಕು ಎಂಬ ಲೆಕ್ಕದಲ್ಲಿ. ಆ ಲೆಕ್ಕ ತಲೆಯಲ್ಲಿ ನಡೆಯುತ್ತಿದೆಯೆಂದು ಗೊತ್ತಾಗುತ್ತಿದ್ದರೆ ರಿಯಾಜ್ ಸಾಲದು.

5. ತೊಂದರೆಗಳು, ಪರಿಹಾರಗಳು

ತೊಂದರೆ: ಎಷ್ಟು ಹಾಡಿದರೂ ಆರೋಹ-ಅವರೋಹ ಒಪ್ಪಿಸಿದಂತೆಯೇ ಇದೆ.
ಪರಿಹಾರ: ಮೆಟ್ಟಿಲು ಬಿಡಿ, ಚಲನ್ (ರಾಗದ ನಡಿಗೆ) ಹಿಡಿಯಿರಿ. ಪ ಗ, ಧ ಪ ಗ, ರಿ ಸ ಎಂದು ಬಳಸಿಕೊಂಡು ಬನ್ನಿ.

ತೊಂದರೆ: ಎಲ್ಲವೂ ಸರಿಯಿದೆ, ರಸ ಬರುತ್ತಿಲ್ಲ.
ಪರಿಹಾರ: ರಸ ಪೆಟ್ಟಿಗೆಯಲ್ಲಿ ಬರುವ ವಸ್ತುವಲ್ಲ. ಸಾವಿರ ವರ್ಷಗಳ ಹಿಂದೆ ಕಾಶ್ಮೀರದ ಅಭಿನವಗುಪ್ತ ಭರತನ ನಾಟ್ಯಶಾಸ್ತ್ರಕ್ಕೆ ವ್ಯಾಖ್ಯಾನ ಬರೆಯುತ್ತ ರಸಾನುಭವಕ್ಕೆ ಏಳು ವಿಘ್ನಗಳನ್ನು ಪಟ್ಟಿ ಮಾಡಿದ್ದಾನೆ. ಅವುಗಳಲ್ಲೊಂದು, ನೋಡುವವನು ತನ್ನ ಸುಖದುಃಖದಲ್ಲೇ ಮುಳುಗಿರುವುದು. ಅವನು ಹೇಳಿದ್ದು ನಾಟಕದ ಪ್ರೇಕ್ಷಕನಿಗೆ. ಕಛೇರಿಯ ನಡುವೆ ವಿಡಿಯೊ ತೆಗೆಯುತ್ತ, ಅದಕ್ಕೆ ಎಷ್ಟು ಮೆಚ್ಚುಗೆ ಬಂತೆಂದು ನೋಡುತ್ತ ಕೂತವರಿಗೂ ಒಗ್ಗುತ್ತದೆ. ಗಾಯಕರನ್ನು ದುರಸ್ತಿಗೆ ಕಳಿಸುವ ಮುನ್ನ ಕೇಳುಗರನ್ನೊಮ್ಮೆ ಪರೀಕ್ಷಿಸಿ.

ತೊಂದರೆ: ನಿನ್ನೆ ಬಂದದ್ದು ಇವತ್ತು ಬರುತ್ತಿಲ್ಲ.
ಪರಿಹಾರ: ಉಪಕರಣ ಸುಸ್ಥಿತಿಯಲ್ಲಿದೆ.

6. ಖಾತರಿಯ ಷರತ್ತುಗಳು

ಗಾಯಕಿ ಕಿಶೋರಿ ಅಮೋಣಕರ್ ಅವರ ಭೂಪಾಲಿಯ ಧ್ವನಿಮುದ್ರಿಕೆಯನ್ನು ಮುರುಕಿ ಸಹಿತ ಬಾಯಿಪಾಠ ಒಪ್ಪಿಸಿದರೆ ಖಾತರಿ ರದ್ದಾಗುತ್ತದೆ. ಅವರನ್ನು ಕೇಳಲೇ ಇಲ್ಲವೆಂದರೂ ರದ್ದಾಗುತ್ತದೆ. ಬಳಸಿದ ರಾಗವನ್ನು ವಾಪಸು ಪಡೆಯಲಾಗುವುದಿಲ್ಲ. ಇನ್ನೊಬ್ಬರಿಗೆ ದಾಟಿಸಲು ಅಡ್ಡಿಯಿಲ್ಲ. ಹಾಗೆ ದಾಟಿಸುವಾಗ ಅವರನ್ನು ವರ್ಷಗಟ್ಟಲೆ ಎದುರಿಗೆ ಕೂರಿಸಿಕೊಳ್ಳಿ. ಈ ಕೈಪಿಡಿಯನ್ನು ಜೊತೆಗೆ ಕೊಡುವ ಅಗತ್ಯವಿಲ್ಲ.