ಮೂರನೇ ಹಂತದ ಶುದ್ಧೀಕರಣ

ರಾಬರ್ಟ್‌ಸನ್‌ಪೇಟೆಯಲ್ಲಾಗಲಿ ಬೆಮೆಲ್ ನಗರದಲ್ಲಾಗಲಿ, ಬೀದಿಗೊಬ್ಬರು ಫಿಟ್ಟರ್ ಸಾಹೇಬರು ಇದ್ದೇ ಇರುತ್ತಾರೆ. ಒಬ್ಬರು 2001ರಲ್ಲಿ ಕೋಲಾರದ ಚಿನ್ನದ ಗಣಿ ಬಾಗಿಲು ಹಾಕಿದಾಗ ಮನೆಗೆ ಬಂದವರು, ಇನ್ನೊಬ್ಬರು ಬೆಮೆಲ್‌ನಲ್ಲಿ ಬುಲ್‌ಡೋಜರ್ ಜೋಡಿಸಿ ಜೋಡಿಸಿ ರಿಟೈರಾದವರು, ಮತ್ತೊಬ್ಬರು ಸೈನ್ಯದ ಗಾಡಿ, ಯಂತ್ರ ರಿಪೇರಿಯ ಇಎಂಇ ವಿಭಾಗದಲ್ಲಿ ಸ್ಪ್ಯಾನರ್ ಹಿಡಿದು ಪಠಾಣ್‌ಕೋಟ್‌ವರೆಗೂ ಹೋಗಿಬಂದವರು. ಎಲ್ಲಿಂದ ಬಂದವರಾದರೂ ಲಕ್ಷಣ ಒಂದೇ: ಹೆಬ್ಬೆರಳಿನ ಉಗುರಂಚಿನಲ್ಲಿ ಯಾವ ಸೋಪಿಗೂ ಬಗ್ಗದ ಕಪ್ಪು ಗೆರೆ, ಅಂಗಿ ಜೇಬಿನಲ್ಲಿ ಪೆನ್ನಿರಬೇಕಾದ ಕಡೆ ಫೀಲರ್ ಗೇಜ್, ಮನೆ ಮುಂದೆ ಹಸಿರು ಬಣ್ಣದ ಒಂದು ಲಾರಿ. ಲಾರಿ ಓಡುವುದಿಲ್ಲ.

ಲಾರಿ ಎಂದರೆ ಶಕ್ತಿಮಾನ್. ಜರ್ಮನಿಯ ಎಂಎಎನ್ ಕಂಪನಿಯ ಲೈಸೆನ್ಸ್ ಪಡೆದು 1950ರ ದಶಕದ ಕೊನೆಯಿಂದ 1996ರವರೆಗೆ ಜಬಲ್‌ಪುರದಲ್ಲಿ ತಯಾರಾದ ಗಾಡಿ, ಯುದ್ಧ ಕಂಡ ಜಾತಿ. ಸೈನ್ಯ ಕೈಬಿಟ್ಟ ವಾಹನಗಳು ಹರಾಜಾಗುವುದು ‘ಇದ್ದಲ್ಲಿ, ಇದ್ದ ಹಾಗೆ’ ಎಂಬ ಷರತ್ತಿನ ಮೇಲೆ. ಇದ್ದಲ್ಲಿಂದ ಎಳೆಸಿಕೊಂಡು ತಂದದ್ದಾಯಿತು, ಕೆಎ-08 ನಂಬರೂ ಬಿತ್ತು. ಆದರೆ ‘ಇದ್ದ ಹಾಗೆ’ ಇರುವ ಯಾವುದನ್ನೂ ಸಾಹೇಬರು ಜನ್ಮದಲ್ಲಿ ಒಪ್ಪಿದವರಲ್ಲ.

ಕೊಂಡದ್ದು ನೀರಿನ ಟ್ಯಾಂಕರ್ ಮಾಡಲಿಕ್ಕೆ. ಬೋರ್‌ವೆಲ್ ಸಾವಿರ ಅಡಿ ದಾಟಿದ ಕೋಲಾರ ಜಿಲ್ಲೆಯಲ್ಲಿ ನೀರು ಹೊಡೆಯುವವನು ಉಪವಾಸ ಬಿದ್ದದ್ದಿಲ್ಲ ಎಂದು ಹೆಂಡತಿಗೆ ಲೆಕ್ಕ ಒಪ್ಪಿಸಿ ಪಿಎಫ್ ದುಡ್ಡು ಬಿಡಿಸಿದ್ದರು. ಆಮೇಲೆ ಬಾನೆಟ್ ತೆರೆದರು. ಅಲ್ಲಿಗೆ ಟ್ಯಾಂಕರಿನ ಮಾತು ನಿಂತುಹೋಗಿ ಆಯಿಲ್ ಫಿಲ್ಟರಿನ ಮಾತು ಶುರುವಾಯಿತು.

ಹಳೆ ಕಾಲದ ಎಂಜಿನ್ನುಗಳಲ್ಲಿ ಫಿಲ್ಟರ್ ಅಂದರೆ ಒಂದು ಕಬ್ಬಿಣದ ಬಟ್ಟಲು. ಒಳಗೆ ಕಾರ್ಟ್ರಿಡ್ಜ್, ನಡುವೆ ಉದ್ದನೆಯ ಬೋಲ್ಟ್, ಅಂಚಿಗೆ ರಬ್ಬರ್ ರಿಂಗ್. ಬೋಲ್ಟ್ ಸಡಿಲಿಸಿದರೆ ಬಿಸಿ ಆಯಿಲ್ ಮೊಣಕೈ ಮೇಲಿಂದ ಇಳಿದು ಸೀದಾ ಕಂಕುಳಿಗೆ. ಸಾಹೇಬರಿಗೆ ಬೇಕಾದದ್ದು ಈಗಿನ ಸ್ಪಿನ್-ಆನ್: ಡಬ್ಬಿಯಂತಿರುವ ಫಿಲ್ಟರನ್ನು ಕೈಯಲ್ಲೇ ತಿರುಗಿಸಿ ಕೂರಿಸಿ, ರಬ್ಬರ್ ತಾಕಿದ ಮೇಲೆ ಮುಕ್ಕಾಲು ಸುತ್ತು ಬಿಗಿದರೆ ಮುಗಿಯಿತು. ಅಮೆರಿಕದಲ್ಲಿ ಎಂ35 ಎಂಬ ಹಳೆಯ ಮಿಲಿಟರಿ ಟ್ರಕ್ ಸಾಕಿಕೊಂಡವರೂ ಇದನ್ನೇ ಮಾಡುತ್ತಾರೆಂದು ಮೊಮ್ಮಗನ ಮೊಬೈಲಿನಲ್ಲಿ ನೋಡಿದ ದಿನ ಅವರು ರಾತ್ರಿ ಸರಿಯಾಗಿ ಊಟ ಮಾಡಲಿಲ್ಲ.

ಕೊರಿಯರ್ ಹುಡುಗನಾಗಲಿ ಕೇಬಲ್ಲಿನವನಾಗಲಿ, ಗೇಟು ದಾಟಿದವನಿಗೆ ಪಾಠ ತಪ್ಪಿದ್ದಲ್ಲ. ಗಣಿಯ ಸೈನೈಡ್ ದಿಬ್ಬದ ಕಡೆಯಿಂದ ಗಾಳಿ ಬೀಸಿ ಬಾನೆಟ್ ಮೇಲೆ ಕೂತ ನುಣ್ಣನೆಯ ಧೂಳನ್ನು ಬೆರಳಲ್ಲಿ ಗೀರಿ ತೋರಿಸುತ್ತಾರೆ. ಟನ್ ಕಲ್ಲಿಗೆ ಇಷ್ಟು ಗ್ರಾಂ ಎಂಬ ಲೆಕ್ಕದಲ್ಲಿ ನೂರಿಪ್ಪತ್ತು ವರ್ಷ ಚಿನ್ನ ಸೋಸಿ ತೆಗೆದ ಊರಿದು, ಸೋಸಿ ಉಳಿದದ್ದೇ ಈ ಪುಡಿ, ಬೇರಿಂಗಿಗೆ ಹೋದರೆ ಇದು ಉಪ್ಪುಕಾಗದವಿದ್ದ ಹಾಗೆ. “ಕೂದಲಿನ ದಪ್ಪ ಎಷ್ಟು ಗೊತ್ತೇನೋ? ಸುಮಾರು 70 ಮೈಕ್ರಾನ್. ಎಂಜಿನ್ ಕೆಡಿಸೋ ಕಣ ಹತ್ತು ಇಪ್ಪತ್ತು!” ಎನ್ನುತ್ತಾ ಉದಾಹರಣೆಗೆ ಒಂದು ಕೂದಲು ಕೀಳುತ್ತಾರೆ. ತಮ್ಮ ತಲೆಯಲ್ಲಿ ಆ ಸವಲತ್ತಿಲ್ಲವಾದ್ದರಿಂದ ಕೊರಿಯರ್ ಹುಡುಗನದ್ದು.

ಒಂದು ಫಿಲ್ಟರಿಗೆ ಅವರ ಆಸೆ ತೀರುವುದೂ ಇಲ್ಲ. ಮೇನ್ ಫಿಲ್ಟರ್ ಎಂಜಿನ್ನಿಗೆ ಹೋಗುವ ಆಯಿಲನ್ನೆಲ್ಲ ಸೋಸಬೇಕು, ಹಾಗಾಗಿ ತೀರಾ ಸಣ್ಣ ಕಣ್ಣಿನದು ಹಾಕಿದರೆ ಪ್ರೆಶರ್ ಬೀಳುತ್ತದೆ. ಅದು ಕಟ್ಟಿಕೊಂಡರೆ ವಾಲ್ವ್ ತೆರೆದು ಆಯಿಲನ್ನು ಸೋಸದೆಯೇ ಒಳಕ್ಕೆ ಬಿಡುತ್ತದೆ, ಏಕೆಂದರೆ ಬೇರಿಂಗಿಗೆ ಕೊಳಕು ಆಯಿಲ್ ರೋಗವಾದರೆ ಆಯಿಲ್ ಇಲ್ಲದಿರುವುದು ಸಾವು. ಆದ್ದರಿಂದ ಪಕ್ಕದಲ್ಲೊಂದು ಬೈಪಾಸ್ ಫಿಲ್ಟರ್: ಸ್ವಲ್ಪ ಸ್ವಲ್ಪವೇ ಆಯಿಲ್ ಕದ್ದು, ನಿಧಾನಕ್ಕೆ ಸೋಸಿ ಎಂಜಿನ್ನಿನ ತಳದ ಸಂಪ್‌ಗೆ ವಾಪಸ್ ಬಿಡುವಂಥದ್ದು. ಅದರ ಮೇಲೆ ಡ್ರೈನ್ ಪ್ಲಗ್ಗಿನಲ್ಲಿ ಒಂದು ಅಯಸ್ಕಾಂತ. “ಬೆಂಗಳೂರಿನ ಕೊಳಚೆ ನೀರನ್ನ ಎರಡು ಹಂತ ಸೋಸಿ 2018ರಿಂದ ನಮ್ಮ ಕೆರೆಗಳಿಗೆ ಬಿಡ್ತಾ ಇದ್ದಾರೆ. ಮೂರನೇ ಹಂತ ಕೊಡಿ ಅಂತ ಜಿಲ್ಲೆಯೇ ಬಾಯಿ ಬಡ್ಕೊಳ್ತಾ ಇದೆ. ನನ್ನ ಗಾಡೀಲಿ ನೋಡಿ, ಮೂರೂ ಇದೆ!”

ಇದೆ ಅಂದರೆ, ನೋಟ್‌ಬುಕ್ಕಿನಲ್ಲಿದೆ.

1923ರಲ್ಲಿ ಅಮೆರಿಕದ ಸ್ವೀಟ್‌ಲ್ಯಾಂಡ್ ಎಂಬಾತ ಕಾರಿಗೆ ಆಯಿಲ್ ಫಿಲ್ಟರ್ ಮಾಡಿ ‘ಪ್ಯೂರ್ ಆಯಿಲ್ ಲೇಟರ್’ ಎಂಬ ಮೂರು ಪದ ಕೂಡಿಸಿ ಪ್ಯೂರೊಲೇಟರ್ ಎಂದು ಹೆಸರಿಟ್ಟ ಕಥೆಯನ್ನೂ ಸಾಹೇಬರು ಮನೆಯಲ್ಲಿ ಹೇಳಿದ್ದಾರೆ. ಹೆಂಡತಿಯ ಮನಸ್ಸಿನಲ್ಲಿ ನಿಂತದ್ದು ಮೂರನೆಯ ಪದ ಮಾತ್ರ. ಟ್ಯಾಂಕರ್ ಯಾವಾಗ, ಬಾಡಿಗೆ ಯಾವಾಗ ಎಂದು ನೆಂಟರು ಕೇಳಿದರೆ ಆಕೆ ಗಂಭೀರವಾಗಿ “ಲೇಟರ್” ಎನ್ನುತ್ತಾರೆ.

ಸ್ಪಿನ್-ಆನ್ ಕೂರಿಸಲು ಎಂಜಿನ್ನಿಗೂ ಫಿಲ್ಟರಿಗೂ ನಡುವೆ ಒಂದು ಅಡಾಪ್ಟರ್ ಬೇಕು. ಸಾಹೇಬರು ಕೆಲಸ ಕಲಿತದ್ದು ಹಿಂದೆ ಚಿನ್ನದ ಗಣಿ ನಡೆಸುತ್ತಿದ್ದ ಟೇಲರ್ ಕಂಪನಿಯ ಇಂಗ್ಲಿಷರು ಬಿಟ್ಟುಹೋದ ಸ್ಪ್ಯಾನರುಗಳಲ್ಲಿ, ಅವರ ತಲೆ ಇವತ್ತಿಗೂ ಇಂಚಿನಲ್ಲೇ ಓಡುತ್ತದೆ. ಮುಕ್ಕಾಲು ಇಂಚು ಎಂದು ಚೀಟಿ ಬರೆದುಕೊಟ್ಟರು, ಬಂಗಾರಪೇಟೆಯ ಲೇತಿನವನು ಹಾಗೇ ಎಳೆ ಕೊರೆದುಕೊಟ್ಟ. ಬೆಂಗಳೂರಿನ ಜೆ.ಸಿ. ರಸ್ತೆಯಿಂದ ತರಿಸಿದ ಫಿಲ್ಟರಿನದು 20 ಮಿಲಿಮೀಟರ್. ಮುಕ್ಕಾಲು ಇಂಚೆಂದರೆ 19.05. ಇಂಥ ಜೋಡಿ ಬೇಡವೆನ್ನುವುದಿಲ್ಲ, ಅದೇ ತೊಂದರೆ. ತಿರುಗಿಸಿದರೆ ತಿರುಗುತ್ತದೆ, ಹತ್ತಿಕೊಂಡ ಹಾಗೆ ನಟಿಸುತ್ತದೆ, ಬಿಗಿಯಲು ಹೋದಾಗ ಲೊಳಲೊಳ ಎನ್ನುತ್ತದೆ. ಎರಡನೇ ಚೀಟಿ ಹಿಡಿದು ಮತ್ತೆ ಬಂಗಾರಪೇಟೆ ರೈಲು ಹತ್ತಿದ್ದಾಯಿತು.

ಲೇತು ತಿರುಗುವಷ್ಟು ಹೊತ್ತು ಬಂಗಾರಪೇಟೆಯಲ್ಲಿ ಮಾಡುವುದೇನು? ಪಾನಿಪೂರಿ. ಬೇರೆ ಊರಿನ ಪಾನಿ ಹಸಿರಾಗಿರುತ್ತದೆ, ಇಲ್ಲಿನದು ಬಾವಿ ನೀರಿನಷ್ಟು ತಿಳಿ. ನೋಡಿದರೆ ಏನೂ ಇಲ್ಲ, ಬಾಯಿಗೆ ಹೋದರೆ ಕಣ್ಣಲ್ಲಿ ನೀರು. ಸಾಹೇಬರು ಪೂರಿ ಬಿಟ್ಟು ಲೋಟವನ್ನು ಬಿಸಿಲಿಗೆ ಹಿಡಿದರು. ಒಂದು ಕಣವಿಲ್ಲ, ಒಂದು ಎಳೆಯಿಲ್ಲ. ಇಷ್ಟು ಖಾರವನ್ನು ಒಳಗಿಟ್ಟುಕೊಂಡು ಇಷ್ಟು ತಿಳಿಯಾಗಿರಬೇಕಾದರೆ ಎಷ್ಟು ಮೈಕ್ರಾನಿನಲ್ಲಿ ಸೋಸಿರಬೇಕು? ಕೇಳಿಯೇಬಿಟ್ಟರು. ಅಂಗಡಿಯವನು ಅವರನ್ನು ಫುಡ್ ಇನ್ಸ್‌ಪೆಕ್ಟರ್ ಎಂದುಕೊಂಡು ಇನ್ನೊಂದು ಪ್ಲೇಟ್ ಪುಕ್ಕಟೆ ಕೊಟ್ಟ.

ಹೊಸ ಅಡಾಪ್ಟರ್ ಕೂರಿಸಿದ ಸಂಜೆ ಟಾರ್ಚ್ ಹಿಡಿದವರು ಹೆಂಡತಿ. “ಅಲ್ಲೊಂದು ಕಪ್ಪು ಬಳೆ ಇದ್ದ ಹಾಗಿದೆಯಲ್ಲಾ?”

“ಟಾರ್ಚ್ ನೆಟ್ಟಗೆ ಹಿಡಿ.”

ಸ್ಟಾರ್ಟ್ ಆಯಿತು. ಗೇಜಿನ ಮುಳ್ಳು ಎದ್ದು ನಿಂತಿತು, ಬೀದಿಯವರು ಚಪ್ಪಾಳೆಯನ್ನೂ ತಟ್ಟಿದರು. ಆ ಹುರುಪಿಗೆ ಸಾಹೇಬರು ಆಕ್ಸಿಲರೇಟರ್ ತುಳಿದರು. ಕಪ್ಪು ಬಳೆ ಎಂದರೆ ಹಳೆ ಬಟ್ಟಲಿನ ರಬ್ಬರ್ ರಿಂಗ್. ವರ್ಷಗಟ್ಟಲೆ ಬಿಸಿ ತಿಂದು ಕಲ್ಲಾಗಿ, ಕಬ್ಬಿಣದ್ದೇ ಭಾಗವೇನೋ ಎಂಬಂತೆ ತನ್ನ ತೋಡಿನಲ್ಲಿ ಕೂತಿತ್ತು. ಅದರ ಮೇಲೆ ಹೊಸ ರಿಂಗ್. ರಿಂಗಿನ ಮೇಲೆ ರಿಂಗ್ ಕೂತರೆ ಪ್ರೆಶರ್ ಏರಿದ ಕ್ಷಣ ಒಂದು ಜಾರುತ್ತದೆ ಎಂದು ಮೂವತ್ತು ವರ್ಷ ಅಪ್ರೆಂಟಿಸ್ ಹುಡುಗರಿಗೆ ಹೇಳಿಕೊಟ್ಟವರೇ ಇವರು. ಸಾಹೇಬರು ಸ್ಟಾಪ್ ಎಳೆಯುವಷ್ಟರಲ್ಲಿ ಹೊಸ ಆಯಿಲ್ ಅಂಗಳ ದಾಟಿ ಬೆಳಗಿನ ರಂಗೋಲಿಯ ತನಕ ಹೋಗಿತ್ತು, ಒಂದೂ ಹಂತ ಸೋಸಿಕೊಳ್ಳದೆ.

ರಾತ್ರಿಯೇ ಮರದ ಹೊಟ್ಟು ಸುರಿದು ಬಳಿದದ್ದಾಯಿತು. ಬೆಳಿಗ್ಗೆ ಅಂಗಳ ತೊಳೆಯಲು ಹೆಂಡತಿ ಫೋನ್ ಮಾಡಿ ಒಂದು ಟ್ಯಾಂಕರ್ ನೀರು ತರಿಸಿದರು. ಬಂದ ಲಾರಿಗೆ ಒಂದು ಹೆಡ್‌ಲೈಟ್ ಇರಲಿಲ್ಲ, ಹೊಗೆ ಧಾರಾಳವಾಗಿತ್ತು. ಸಾಹೇಬರು ಡ್ರೈವರ್ ಬಾಗಿಲಿಗೆ ಹೋಗಿ ನಿಂತರು.

“ಆಯಿಲ್ ಚೇಂಜ್ ಮಾಡಿ ಎಷ್ಟು ದಿನ ಆಯ್ತಪ್ಪಾ?”

“ಚೇಂಜಾ? ಕಮ್ಮಿ ಆದ್ರೆ ಹಾಕ್ತೀವಿ ಸಾರ್. ದಿನಕ್ಕೆ ಎಂಟು ಟ್ರಿಪ್ಪು, ಟೈಮೆಲ್ಲಿದೆ?”

ಸಾಹೇಬರು ಆ ಲಾರಿಯ ಡಿಪ್‌ಸ್ಟಿಕ್ ಎಳೆದರು. ಜೇಬಿನಿಂದ ನ್ಯೂಸ್‌ಪೇಪರ್ ತುಂಡೊಂದನ್ನು ತೆಗೆದು ಒಂದು ತೊಟ್ಟು ಬಿಟ್ಟು, ಅದು ಹರಡುವುದನ್ನೇ ನೋಡುತ್ತಾ ನಿಂತರು. ಹೆಂಡತಿ ಪೈಪು ಹಿಡಿದು, ಸ್ವಲ್ಪ ಪಕ್ಕಕ್ಕೆ ಸರಿಯಿರಿ ಎಂದರು.